ಸುಮ್ಮನಾದ ನಾಯಿ, ಕಲಿತ ನಾಯಿ

ಮೊಬೈಲಿನಲ್ಲಿ ಈಗ ನಾಯಿ ತರಬೇತಿಯ ವಿಡಿಯೊಗಳಿಗೆ ಬರವಿಲ್ಲ. ಹೆಚ್ಚುಕಡಿಮೆ ಎಲ್ಲವೂ ಒಂದೇ ಅಚ್ಚಿನವು. ಮೊದಲು ಗೇಟಿಗೆ ಎಗರಿ ಎಗರಿ ಬೊಗಳುವ ಜರ್ಮನ್ ಶೆಫರ್ಡ್, ಅದನ್ನು ಹಿಡಿಯಲಾಗದೆ ಹಿಂದೆ ಹಿಂದೆ ಓಡುವ ಮನೆಯವರು. ಆಮೇಲೆ ಟ್ರೈನರ್ ಬರುತ್ತಾನೆ. ಕೊನೆಗೆ ಅದೇ ನಾಯಿ ಅವನ ಕಾಲ ಬುಡದಲ್ಲಿ ಕದಲದೆ ಕೂತಿರುತ್ತದೆ. ಪಕ್ಕದಲ್ಲೇ ಇನ್ನೊಂದು ನಾಯಿ ಹಾದುಹೋದರೂ ತಿರುಗಿ ನೋಡುವುದಿಲ್ಲ. ಗಿರಾಕಿಗಳು ಇಂಥ ವಿಡಿಯೊ ಕಳಿಸಿ, ‘ನಮ್ಮ ಬ್ರೂನೊನೂ ಹಿಂಗೇ ಆಗ್ಬೇಕು ಸರ್’ ಅನ್ನುತ್ತಾರೆ.

ನಾನು ಅವನ್ನು ಸದ್ದು ತೆಗೆದು ನೋಡುತ್ತೇನೆ, ನಾಯಿಯ ಮೇಲಷ್ಟೇ ಕಣ್ಣಿಟ್ಟು. ಕಿವಿ ತಲೆಗೆ ಅಂಟಿಕೊಂಡಿದೆಯೆ? ಬಾಯಿ ಬಿಗಿದಿದೆಯೆ? ತಿನ್ನಲು ಏನೂ ಇಲ್ಲದಿದ್ದರೂ ನಾಲಿಗೆ ಸರಕ್ಕನೆ ಮೂಗು ಸವರಿ ಒಳಗೆ ಹೋಗುತ್ತಿದೆಯೆ? ಮುಖ ಅತ್ತ ತಿರುಗಿಸಿ ಕಣ್ಣು ಮಾತ್ರ ಟ್ರೈನರ್ ಕಡೆ ಹೊರಳಿಸಿದಾಗ ಕಣ್ಣಿನ ಬಿಳಿ ಕಾಣುತ್ತಿದೆಯೆ? ನಿದ್ದೆಯ ಹೊತ್ತಲ್ಲದ ಹೊತ್ತಿನಲ್ಲಿ ಆಕಳಿಸುತ್ತಿದೆಯೆ? ಬಾಲ ಹೊಟ್ಟೆಯ ಕೆಳಗೆ ಸೇರಿಕೊಂಡಿದೆಯೆ? ಇವೆಲ್ಲ ಒಟ್ಟಿಗೆ ಕಂಡರೆ ಆ ನಾಯಿ ಸುಮ್ಮನಾಗಿದೆ ಅಷ್ಟೆ. ಅದನ್ನು ಕಲಿತ ನಾಯಿ ಎಂದು ಮಾರುವುದೇ ಇವತ್ತು ನಮ್ಮ ಕಸುಬಿಗೆ ಅಂಟಿರುವ ದೊಡ್ಡ ರೋಗ.

ಕಲಿತ ನಾಯಿಯ ಗುರುತು ಬೇರೆ. ಅದು ಪ್ರಯತ್ನ ಪಡುತ್ತದೆ. ಏನು ಬೇಕು ಎಂದು ಗೊತ್ತಾಗದಿದ್ದರೆ ಕೂತು ನೋಡುತ್ತದೆ, ಮಲಗಿ ನೋಡುತ್ತದೆ, ಪಂಜ ಎತ್ತುತ್ತದೆ, ನಿಮ್ಮ ಮುಖ ನೋಡುತ್ತದೆ. ಸುಮ್ಮನಾದ ನಾಯಿ ಏನೂ ಮಾಡುವುದಿಲ್ಲ. ಏನು ಮಾಡಿದರೂ ಕತ್ತಿಗೆ ಎಳೆತ ಬೀಳುತ್ತದೆ ಎಂಬುದೊಂದೇ ಅದಕ್ಕೆ ಗೊತ್ತಿರುವುದು. ಇದನ್ನು ವಿಜ್ಞಾನಿಗಳು ಕಂಡುಕೊಂಡದ್ದೂ ನಾಯಿಗಳಲ್ಲೇ. 1967ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಅವರ ಪ್ರಯೋಗ ಪ್ರಕಟವಾಯಿತು. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಂತೆ ಕರೆಂಟ್ ಹೊಡೆತ ತಿಂದಿದ್ದ ನಾಯಿಗಳನ್ನು ಆಮೇಲೆ ಗಿಡ್ಡ ಅಡ್ಡಗೋಡೆ ಇರುವ ಪೆಟ್ಟಿಗೆಯಲ್ಲಿ ಬಿಟ್ಟರು. ಒಂದು ಜಿಗಿತಕ್ಕೆ ಆಚೆ ಹೋಗಬಹುದಿತ್ತು. ಹೆಚ್ಚಿನವು ಜಿಗಿಯಲೇ ಇಲ್ಲ. ಮುಲುಗುತ್ತ ಅಲ್ಲೇ ಉಳಿದವು. ಆ ಪ್ರಯೋಗದ ಕ್ರೌರ್ಯವನ್ನು ಇವತ್ತು ಯಾರೂ ಸಮರ್ಥಿಸುವುದಿಲ್ಲ. ಆದರೆ ಅಷ್ಟು ಬೆಲೆ ತೆತ್ತು ತಿಳಿದ ಸಂಗತಿಯನ್ನು ನಾವು ಕಾಲಬುಡದಲ್ಲೇ ಇಟ್ಟುಕೊಂಡು ಕಾಣದವರಂತೆ ಇರಬಾರದು.

ನಮ್ಮಲ್ಲಿ ಈ ಕಸುಬು ಬಂದದ್ದು ಸೇನೆ ಮತ್ತು ಪೊಲೀಸ್ ಇಲಾಖೆಯ ಬಾಗಿಲಿನಿಂದ. ಜರ್ಮನಿಯ ಪೊಲೀಸ್ ಅಧಿಕಾರಿ ಕಾನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಕೈಪಿಡಿ ಜಗತ್ತಿನ ಎಷ್ಟೋ ಶ್ವಾನದಳಗಳ ರೀತಿಯನ್ನು ರೂಪಿಸಿತು. ಅದರಲ್ಲಿ ಬಲವಂತಕ್ಕೂ ಜಾಗವಿತ್ತು, ಬಹುಮಾನಕ್ಕೂ ಜಾಗವಿತ್ತು. ಮೀರತ್ ಮತ್ತು ಟೇಕನ್‌ಪುರದ ಶ್ವಾನ ತರಬೇತಿ ಕೇಂದ್ರಗಳಲ್ಲಿ, ಬೆಂಗಳೂರಿನ ಹೊರವಲಯದ ತರಳು ಗ್ರಾಮದಲ್ಲಿರುವ ಸಿಆರ್‌ಪಿಎಫ್ ಶಾಲೆಯಲ್ಲಿ ದುಡಿದು ನಿವೃತ್ತರಾದವರು ನಮ್ಮ ನಡುವೆ ಇದ್ದಾರೆ. ಅವರಲ್ಲಿ ಕೆಲವರ ಕೈಗುಣ ನೋಡಿದರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಮದ್ದುಗುಂಡು ಹುಡುಕುವ ನಾಯಿಗೆ ಕಲಿಸುವುದು ಚೆಂಡಿನಿಂದ, ಆಟದಿಂದ. ವಾಸನೆ ಸಿಕ್ಕಿದ ತಕ್ಷಣ ಚೆಂಡು ಬರುತ್ತದೆ ಎಂಬ ಆಸೆಗೆ ಅದು ಬಿಸಿಲಲ್ಲಿ ಸಾಲು ಸಾಲು ಗಾಡಿಗಳನ್ನು ಮೂಸುತ್ತ ಹೋಗುತ್ತದೆ. ಕುತ್ತಿಗೆ ಎಳೆದು ಕೂರಿಸಬಹುದು, ಮೂಗನ್ನು ಎಳೆದು ದುಡಿಸಲು ಆಗುವುದಿಲ್ಲ. ಅತಿ ಕಠಿಣ ಕೆಲಸಕ್ಕೆ ಆಟ ಸಾಕಾಗುವಾಗ, ಸೋಫಾ ಹತ್ತಬೇಡ ಎಂದು ಕಲಿಸಲು ಮುಳ್ಳಿನ ಬೆಲ್ಟು ಯಾಕೆ ಬೇಕು?

ಬೇಕು ಅನ್ನುವವರು ಹೇಳುವ ಕಾರಣ ‘ಆಲ್ಫಾ’. ನಾಯಿ ತೋಳದ ವಂಶ, ತೋಳಗಳಲ್ಲಿ ಒಬ್ಬ ಯಜಮಾನ, ನೀವು ಯಜಮಾನರಾಗದಿದ್ದರೆ ಅದೇ ಆಗುತ್ತದೆ ಎಂಬ ವಾದ. ಇದರ ಬೇರು 1947ರಲ್ಲಿ ರುಡಾಲ್ಫ್ ಶೆಂಕೆಲ್ ಪ್ರಕಟಿಸಿದ ಅಧ್ಯಯನದಲ್ಲಿದೆ. ಅವರು ನೋಡಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು. ಆ ಮಾತನ್ನು ಮನೆಮನೆಗೆ ಮುಟ್ಟಿಸಿದ ಪುಸ್ತಕಗಳಲ್ಲಿ ಡೇವಿಡ್ ಮೆಕ್ ಅವರ 1970ರ ಕೃತಿ ಮುಖ್ಯವಾದದ್ದು. ಅದೇ ಮೆಕ್ ಮುಂದೆ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ವರ್ಷವರ್ಷವೂ ಕಾಡುತೋಳಗಳನ್ನು ಹತ್ತಿರದಿಂದ ಕಂಡು, ತೋಳದ ಗುಂಪೆಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಸಂಸಾರ ಎಂದು 1999ರಲ್ಲಿ ಬರೆದರು. ತಮ್ಮ ಹಳೆಯ ಪುಸ್ತಕದ ಮುದ್ರಣ ನಿಲ್ಲಿಸಿ ಎಂದು ಪ್ರಕಾಶಕರನ್ನು ತಾವೇ ಕೇಳಿಕೊಂಡರು. ವಿದ್ವಾಂಸ ಬಿಟ್ಟುಕೊಟ್ಟದ್ದನ್ನು ವ್ಯಾಪಾರ ಇನ್ನೂ ಬಿಟ್ಟಿಲ್ಲ. ನಾಯಿಯನ್ನು ಅಂಗಾತ ಕೆಡವಿ ಗಂಟಲು ಒತ್ತಿ ಹಿಡಿಯುವುದನ್ನು ನಮ್ಮ ಊರಿನಲ್ಲೇ ಕಲಿಸುತ್ತಿದ್ದಾರೆ.

ಇದರ ಫಲ ಹೇಗಿರುತ್ತದೆ ಎಂಬುದಕ್ಕೆ ಕನಕಪುರ ರಸ್ತೆಯ ಒಂದು ಮನೆಯ ಲ್ಯಾಬ್ರಡಾರ್ ವಿಷಯ ಹೇಳುತ್ತೇನೆ. ಮೂರು ವರ್ಷದ ಗಂಡು. ಮನೆಯ ಅಜ್ಜಿ ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ: ‘ನೋಡಪ್ಪ, ಮೊದ್ಲು ಊಟಕ್ಕೆ ಕೂತಾಗ ಹತ್ರ ಹೋದ್ರೆ ಗುರ್ ಅಂತಿತ್ತು. ಟ್ರೈನಿಂಗ್ ಆದ್ಮೇಲೆ ಅದು ನಿಂತೋಯ್ತು. ಈಗ ಗುರ್ ಅನ್ನಲ್ಲ, ಸೀದಾ ಕಚ್ಚುತ್ತೆ.’ ಇಡೀ ಸಮಸ್ಯೆಯನ್ನು ಆ ತಾಯಿ ನಾಲ್ಕು ಮಾತಿನಲ್ಲಿ ಬಿಡಿಸಿಟ್ಟಿದ್ದರು. ಹಿಂದಿನ ಟ್ರೈನರ್ ಗುರ್ ಎಂದಾಗಲೆಲ್ಲ ಮೂತಿಗೆ ಬಾರಿಸಲು ಹೇಳಿಕೊಟ್ಟಿದ್ದ. ನಾಯಿ ಗುರ್ ಅನ್ನುವುದನ್ನು ಬಿಟ್ಟಿತು. ತಟ್ಟೆ ಕಿತ್ತುಕೊಳ್ಳುತ್ತಾರೆಂಬ ಭಯ ಮಾತ್ರ ಹೋಗಲಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ಗುರ್ ಎಂದು ಎಚ್ಚರಿಸುವ ನಾಯಿ ನಿಮಗೆ ದೂರ ಸರಿಯಲು ಒಂದು ಗಳಿಗೆ ಕೊಡುತ್ತದೆ. ಮಕ್ಕಳಿರುವ ಮನೆಯಲ್ಲಿ ಆ ಒಂದು ಗಳಿಗೆಗೆ ಬೆಲೆ ಕಟ್ಟಲಾಗದು.

ಆ ಮನೆಯಲ್ಲಿ ಮಾಡಿದ್ದು ಇಷ್ಟು. ಮೊದಲು ಅಡುಗೆಮನೆ ಬಾಗಿಲಿಗೆ ಮಗು ದಾಟಲಾಗದಂಥ ಅಡ್ಡಗೇಟು. ತಟ್ಟೆಯಲ್ಲಿ ದಿನವೂ ತಿನ್ನುವ ಒಣ ಆಹಾರ. ನನ್ನ ಕೈಯಲ್ಲಿ ಬೇಯಿಸಿದ ಕೋಳಿಯ ಚಿಕ್ಕ ಚೂರುಗಳು. ದೂರದಲ್ಲಿ ನಿಂತು ಅದು ಅಗಿಯುವ ವೇಗ ಗಮನಿಸಿದೆ. ತಿನ್ನುತ್ತಿರುವ ನಾಯಿಗೆ ಆತಂಕ ಹತ್ತಿದರೆ ಮೊದಲು ಬದಲಾಗುವುದು ಅಗಿಯುವ ವೇಗವೇ: ಗಬಗಬನೆ ನುಂಗತೊಡಗುತ್ತದೆ, ತಲೆ ತಟ್ಟೆಯ ಮೇಲೆ ಇನ್ನೂ ತಗ್ಗುತ್ತದೆ, ಆಮೇಲೆ ಬೆನ್ನು ಗಟ್ಟಿಯಾಗುತ್ತದೆ, ಕೊನೆಗೆ ಅಗಿಯುವುದೇ ನಿಲ್ಲುತ್ತದೆ. ಹಾಗೆ ನಿಂತರೆ ನೀವು ತೀರಾ ಹತ್ತಿರ ಬಂದಿದ್ದೀರಿ ಎಂದೇ ಲೆಕ್ಕ. ವೇಗ ಬದಲಾಗದಷ್ಟು ದೂರದಿಂದ ಹಾದುಹೋಗುತ್ತ ಒಂದು ಚೂರು ತಟ್ಟೆಯ ಪಕ್ಕ ಎಸೆದು ಮುಂದೆ ನಡೆಯುವುದು. ನಿಲ್ಲಬಾರದು, ಬಗ್ಗಬಾರದು, ಮಾತಾಡಿಸಬಾರದು. ಅದು ಒಗ್ಗಿದ ಮೇಲೆ ಒಂದು ಹೆಜ್ಜೆ ಹತ್ತಿರ. ಮನೆಯ ದೊಡ್ಡವರು ಒಬ್ಬೊಬ್ಬರಾಗಿ ಇದನ್ನು ಕಲಿತರು.

ಕೆಲವು ವಾರ ಕಳೆದ ಮೇಲೆ ಯಜಮಾನರು ಗಾಬರಿಯಿಂದ ಫೋನ್ ಮಾಡಿದರು: ‘ಸರ್, ಮತ್ತೆ ಗುರ್ ಅನ್ನೋಕೆ ಶುರು ಮಾಡಿದೆ!’ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಗುರ್ ಎಂದರೆ ಹೊಡೆತ ಬೀಳುವುದಿಲ್ಲ ಎಂದು ನಾಯಿಗೆ ನಂಬಿಕೆ ಬಂದಿತ್ತು. ಅಲ್ಲಿಂದ ಮುಂದೆ ಕೆಲಸ ಸಲೀಸು. ಈಗ ಯಾರಾದರೂ ಹತ್ತಿರ ಸುಳಿದರೆ ಅದು ತಟ್ಟೆಯಿಂದ ತಲೆ ಎತ್ತಿ ಅವರ ಕೈ ನೋಡುತ್ತದೆ, ಬಾಲದ ಬುಡ ಸಡಿಲವಾಗಿ ಅಲ್ಲಾಡುತ್ತದೆ. ಹಾಗಿದ್ದರೂ ಅಡ್ಡಗೇಟು ತೆಗೆಯಲು ನಾನು ಒಪ್ಪಿಲ್ಲ. ಮಗುವಿಗೆ ತಿಳಿವಳಿಕೆ ಬರುವವರೆಗೆ ಅದು ಅಲ್ಲೇ ಇರಲಿ.

ಇಂಥ ಕೆಲಸವನ್ನು ಬೋರ್ಡಿಂಗಿನಲ್ಲಿ ಮಾಡಲಾಗದು. ‘ಒಂದು ತಿಂಗಳು ಬಿಟ್ಟು ಹೋಗಿ, ರೆಡಿ ಮಾಡಿ ಕೊಡ್ತೀವಿ’ ಎಂಬ ಪ್ಯಾಕೇಜಿನ ಬಗ್ಗೆ ನನ್ನ ತಕರಾರು ಇದೇ. ನಾಯಿ ಜಾಗಕ್ಕೆ ಜಾಗಕ್ಕೆ ಹೊಸದಾಗಿ ಕಲಿಯುವ ಪ್ರಾಣಿ. ಕೆನ್ನೆಲಿನ ಸಿಮೆಂಟು ನೆಲದ ಮೇಲೆ, ಒಬ್ಬನೇ ಹುಡುಗನ ಎದುರು ಕಲಿತ ‘ಸಿಟ್’ ನಿಮ್ಮ ಹಾಲಿನಲ್ಲಿ, ಕರೆಗಂಟೆ ಹೊಡೆದಾಗ, ನೆಂಟರು ಬಂದಾಗ ಅದಕ್ಕೆ ಬೇರೆಯೇ ಪಾಠ. ವಾಪಸು ಕೊಡುವ ದಿನ ಅರ್ಧ ಗಂಟೆ ಡೆಮೊ ತೋರಿಸಿ ಕೈ ತೊಳೆದುಕೊಂಡರೆ, ಎರಡು ವಾರಕ್ಕೆ ಎಲ್ಲ ಮೊದಲಿನಂತೆಯೇ. ಆಮೇಲೆ ಬೈಗುಳ ನಾಯಿಗೆ. ಬೋರ್ಡಿಂಗ್ ಬೇಕಾಗುವ ಸಂದರ್ಭಗಳೂ ಇವೆ. ಆದರೆ ಮನೆಯವರಿಗೆ ಬಂದು ನೋಡಲು ಬಿಡದ ಜಾಗದಲ್ಲಿ ನಾಯಿ ಬಿಡಬೇಡಿ.

ನಮ್ಮ ದೇಶದಲ್ಲಿ ನಾಯಿ ಟ್ರೈನರ್ ಆಗಲು ಪರವಾನಗಿ ಬೇಕಿಲ್ಲ. ಯಾರು ಬೇಕಾದರೂ ಬೋರ್ಡು ಹಾಕಬಹುದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ ನಿಜ, ಆದರೆ ಗೋಡೆಯ ಹಿಂದೆ ನಡೆಯುವುದನ್ನು ಯಾರು ನೋಡುತ್ತಾರೆ? ವೇಲ್ಸ್‌ನಲ್ಲಿ 2010ರಲ್ಲೇ ಕರೆಂಟ್ ಬೆಲ್ಟು ನಿಷೇಧಿಸಿದರು. ಪ್ರಾಣಿ ವರ್ತನೆ ತಜ್ಞರಾದ ಪಶುವೈದ್ಯರ ಅಮೆರಿಕನ್ ಸಂಘ ಎಲ್ಲ ನಾಯಿಗಳಿಗೂ, ಆಕ್ರಮಣಕಾರಿ ನಾಯಿಗಳಿಗೂ ಸೇರಿಸಿ, ಬಹುಮಾನದ ಮಾರ್ಗವನ್ನೇ ಬಳಸಬೇಕೆಂದು 2021ರಲ್ಲಿ ಸ್ಪಷ್ಟವಾಗಿ ಹೇಳಿತು. ನಮ್ಮಲ್ಲಿ ಆ ಬೆಲ್ಟು ಆನ್‌ಲೈನ್‌ನಲ್ಲಿ ಮನೆಬಾಗಿಲಿಗೆ ಬರುತ್ತದೆ.

ಇನ್ನು ಮರಿಗಳ ವ್ಯಾಪಾರ. ನನ್ನ ಬಳಿ ಬರುವ ಅಂಜುಬುರುಕ ನಾಯಿಗಳಲ್ಲಿ ಬಹುಪಾಲಿನ ಕತೆ ಅಲ್ಲೇ ಆರಂಭ. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ವರ್ಷಗಟ್ಟಲೆ ಮರಿಗಳನ್ನು ಸಾಕಿ ನೋಡಿ 1965ರಲ್ಲಿ ಪುಸ್ತಕ ಬರೆದರು. ಸುಮಾರು 3ರಿಂದ 12 ವಾರದ ನಡುವೆ ಕಂಡದ್ದನ್ನು ಮರಿ ತನ್ನ ಲೋಕದ್ದು ಎಂದು ಒಪ್ಪಿಕೊಳ್ಳುತ್ತದೆ. ಆಮೇಲೆ ಹೊಸದೆಲ್ಲ ಅನುಮಾನದ್ದು. ನಮ್ಮ ದೇಶದ 2017ರ ನಿಯಮದಂತೆ 8 ವಾರಕ್ಕೆ ಮೊದಲು ಮರಿ ಮಾರುವಂತಿಲ್ಲ. ಅಷ್ಟು ದಿನ ಅಮ್ಮ ಮತ್ತು ಒಡಹುಟ್ಟಿದವರ ಜೊತೆ ಇದ್ದರೆ ಮರಿ ಹಲ್ಲನ್ನು ಹಗುರವಾಗಿ ಬಳಸಲು ಕಲಿಯುತ್ತದೆ. ತಿಂಗಳಿಗೇ ಬುಟ್ಟಿಯಲ್ಲಿ ಕೈಬದಲಾಗುವ ಮರಿಗೆ ಆ ಪಾಠ ಯಾರು ಹೇಳಿಕೊಡಬೇಕು? ಮನೆಗೆ ಬಂದ ಮೇಲೆ ಲಸಿಕೆ ಮುಗಿಯುವವರೆಗೆ ನಾಲ್ಕು ಗೋಡೆ ದಾಟಿಸುವುದಿಲ್ಲ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಮೊದಲ ಲಸಿಕೆ ಆಗಿ ಒಂದು ವಾರ ಕಳೆದ ಮೇಲೆ, ನಿಮ್ಮ ವೈದ್ಯರನ್ನು ಕೇಳಿ, ಮರಿಯನ್ನು ನೆಲಕ್ಕೆ ಬಿಡದೆ ತೋಳಲ್ಲಿ ಎತ್ತಿಕೊಂಡು ಹೊರಡಿ. ಆಟೊ, ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗ, ಶಾಲೆ ಬಿಟ್ಟ ಮಕ್ಕಳ ಗಲಾಟೆ, ಪಕ್ಕದ ಮನೆಯ ಕುಕ್ಕರ್ ಸೀಟಿ, ದೇವಸ್ಥಾನದ ಗಂಟೆ ಎಲ್ಲವನ್ನೂ ದೂರದಿಂದ ತೋರಿಸಿ, ಕೇಳಿಸಿ. ತಿಂಡಿ ಜೇಬಿನಲ್ಲಿರಲಿ.

ಯಾವ ತಳಿ ಎಂಬುದರ ಮೇಲೂ ಕಲಿಸುವ ರೀತಿ ಬದಲಾಗಬೇಕು. ಮುಧೋಳ ನಾಯಿ ತಂದವರು ‘ಇದಕ್ಕೆ ಬುದ್ಧಿಯೇ ಇಲ್ಲ, ಕೂರು ಅಂದ್ರೆ ಕೂರಲ್ಲ’ ಎಂದು ನನ್ನ ಬಳಿ ದೂರುವುದುಂಟು. ಘೋರ್ಪಡೆ ಅರಸರ ಕಾಲದಿಂದ ಹೆಸರಾದ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, ಸೇನೆಯೂ ಕರೆಸಿಕೊಂಡ ನಾಯಿ ಅದು. ಅದರ ಕಾಲು, ತೊಡೆ, ಮೈಯ ತೆಳುವು ನೋಡಿ. ಗಟ್ಟಿ ಟೈಲ್ಸ್ ಮೇಲೆ ಕುಕ್ಕರುಗಾಲಲ್ಲಿ ಕೂರುವುದು ಅದಕ್ಕೆ ಸುಖವಲ್ಲ. ನಿಂತೇ ಕಾಯಲು ಕಲಿಸಿ. ಕಣ್ಣಿಗೆ ಬಿದ್ದದ್ದನ್ನು ಅಟ್ಟಿಕೊಂಡು ಹೋಗುವುದು ಅದರ ರಕ್ತದಲ್ಲಿದೆ, ಆದ್ದರಿಂದ ಬಹುಮಾನವೂ ಅದೇ ಆಗಲಿ: ಕರೆದಾಗ ಬಂದರೆ ಕೋಲಿನ ತುದಿಗೆ ಕಟ್ಟಿದ ಬಟ್ಟೆಯನ್ನು ಅಟ್ಟಲು ಬಿಡಿ. ಬಿಸ್ಕತ್ತಿಗೆ ಮೂಗು ತಿರುವಿದ ಮುಧೋಳ ಬಟ್ಟೆಗಾಗಿ ಮೈದಾನದ ಆ ತುದಿಯಿಂದ ಬಾಣದಂತೆ ಬರುವುದನ್ನು ನೋಡುವುದೇ ಒಂದು ಹಬ್ಬ.

ಕೆನ್ನೆಲುಗಳಲ್ಲಿ ಗುಡಿಸಿ ಒರೆಸುತ್ತ ಲೀಶ್ ಹಿಡಿಯಲು ಕಲಿತ ಹುಡುಗರು ಈ ಉದ್ಯಮದ ಬೆನ್ನೆಲುಬು. ರಾಯಚೂರು, ಬಾಗಲಕೋಟೆ ಕಡೆಯಿಂದ ಬಂದವರಲ್ಲಿ ಕೆಲವರು ಕುರಿಹಿಂಡಿನ ನಾಯಿಗಳ ಜೊತೆ ಬೆಳೆದವರು. ನಾಯಿ ಮುಂದೆ ಏನು ಮಾಡುತ್ತದೆ ಎಂದು ಅದರ ಭುಜ ನೋಡಿ ಹೇಳಬಲ್ಲರು. ಇವರಿಗೆ ಸಂಬಳ ಕಡಿಮೆ, ಕಲಿಸುವವರು ಇನ್ನೂ ಕಡಿಮೆ. ಕೈಗೆ ಸಿಗುವುದು ಚೋಕ್ ಚೈನು. ನನ್ನಲ್ಲಿಗೆ ಬರುವ ಹುಡುಗರಿಗೆ ನಾನು ಮೊದಲು ನಾಯಿ ಕೊಡುವುದಿಲ್ಲ, ನಾಟಿ ಕೋಳಿ ಕೊಡುತ್ತೇನೆ. ಇದು ನನ್ನ ಉಪಾಯವಲ್ಲ. ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಅವರ ಶಿಷ್ಯರಾದ ಕೆಲರ್ ಮತ್ತು ಮರಿಯನ್ ಬ್ರೆಲಾಂಡ್ ದಂಪತಿ 1940ರ ದಶಕದಲ್ಲೇ ಪ್ರಾಣಿಗಳಿಗೆ ಕಲಿಸುವುದನ್ನು ಉದ್ಯಮವಾಗಿ ಕಟ್ಟಿದರು. ಮುಂದೆ ಅವರ ಸಂಸ್ಥೆ ಸೇರಿದ ಬಾಬ್ ಬೇಲಿ ಟ್ರೈನರ್‌ಗಳಿಗೆ ಕೋಳಿಯ ಮೇಲೆಯೇ ಪಾಠ ನಡೆಸಿದರು.

ಮೇಜಿನ ಮೇಲೆ ಒಂದು ಕೆಂಪು ಮುಚ್ಚಳ, ಒಂದು ನೀಲಿ ಮುಚ್ಚಳ. ಕೋಳಿ ಕೆಂಪನ್ನು ಮಾತ್ರ ಕುಟುಕಬೇಕು. ಕುಟುಕಿದ ಕ್ಷಣವೇ ‘ಟಿಕ್’ ಎನ್ನುವ ಕ್ಲಿಕ್ಕರ್ ಒತ್ತಿ ಕಾಳಿನ ಬಟ್ಟಲು ಮುಂದಿಡಬೇಕು. ಅರ್ಧ ಸೆಕೆಂಡು ತಡವಾದರೆ ಕೋಳಿ ಕಲಿಯುವುದು ತಲೆ ಎತ್ತುವುದನ್ನು. ಇದಕ್ಕೆ ಬೆಲ್ಟು ಹಾಕಲಾಗದು, ಗದರಲಾಗದು. ಗದರಿದರೆ ಮೇಜಿನಿಂದ ಹಾರಿ ಹಿತ್ತಲಿಗೆ ಹೋಗುತ್ತದೆ, ಆ ದಿನದ ಪಾಠ ಮುಗಿಯಿತು. ಹೋದ ವಾರ ಹೊಸ ಹುಡುಗನೊಬ್ಬನ ಕೋಳಿ ಮುಚ್ಚಳ ಬಿಟ್ಟು ಗಿರಕಿ ಹೊಡೆಯತೊಡಗಿತ್ತು. ‘ಸರ್, ಈ ಕೋಳಿ ಸರಿ ಇಲ್ಲ’ ಅಂದ. ಅವನ ಕೈಯ ವಿಡಿಯೊ ತೆಗೆದು ನಿಧಾನಗತಿಯಲ್ಲಿ ತೋರಿಸಿದೆ: ಕೋಳಿ ಎಡಕ್ಕೆ ತಿರುಗಿದಾಗಲೆಲ್ಲ ಕ್ಲಿಕ್ ಬಿದ್ದಿತ್ತು. ಎರಡು ಸಲ ನೋಡಿದ. ‘ಇದು ನಾನೇ ಕಲಿಸಿದ್ದಾ?’ ಎಂದು ಕೇಳಿ, ಕಾಳು ತರಲು ಎದ್ದುಹೋದ. ಈ ವಾರ ಅವನ ಕೋಳಿ ಕೆಂಪು ಮುಚ್ಚಳ ಕುಟುಕುತ್ತಿದೆ. ಮುಂದಿನ ತಿಂಗಳು ಅವನಿಗೆ ಒಂದು ದೇಸಿ ನಾಯಿಮರಿ ಕೊಡುತ್ತೇನೆ, ಲೀಶ್ ಇಲ್ಲದೆ.