‘ಬರ’ ಮತ್ತು ಬೆಳೆ

ಯು.ಆರ್. ಅನಂತಮೂರ್ತಿಯವರ ‘ಬರ’ ಕತೆಯಲ್ಲಿ ತರುಣ ಜಿಲ್ಲಾಧಿಕಾರಿಯೊಬ್ಬ ತನ್ನ ಜಿಲ್ಲೆಯನ್ನು ಬರಪೀಡಿತವೆಂದು ಘೋಷಿಸಲು ಹೆಣಗುತ್ತಾನೆ. ರಾಜಕೀಯ ಅಡ್ಡ ಬರುತ್ತದೆ. ಎಂ.ಎಸ್. ಸತ್ಯು ಇದನ್ನೇ ಚಲನಚಿತ್ರ ಮಾಡಿದರು. ಮಳೆ ಬಾರದಿರುವುದು ಪ್ರಕೃತಿಯ ಮಾತು. ಅದನ್ನು ಬರವೆಂದು ಒಪ್ಪುವುದು ಅಧಿಕಾರದ ಮಾತು. ಈ ಅಂತರವನ್ನು ಕತೆ ನಿಚ್ಚಳವಾಗಿ ತೋರಿಸುತ್ತದೆ. ಅದರ ಹೆಚ್ಚಳ ಇರುವುದು ಇಲ್ಲಿ.

ಆದರೆ ಹೆತ್ತೂರಿನಲ್ಲಿ ಕುಳಿತು ಓದುವವರಿಗೆ ಒಂದು ಕೊರತೆ ಕಾಡುತ್ತದೆ. ಕತೆಯ ಕಣ್ಣು ಅಧಿಕಾರಿಯ ಮೇಲೆ ನೆಟ್ಟಷ್ಟು ಹೊಲದ ಮೇಲೆ ನೆಟ್ಟಿಲ್ಲ. ನಮಗೆ ಹೊಲದ ಲೆಕ್ಕವೂ ಬೇಕು. ಏಕೆಂದರೆ ನಮ್ಮ ಸಕಲೇಶಪುರದ ಹಳ್ಳಗಳಿಂದ 24.01 ಟಿಎಂಸಿ ನೀರನ್ನು ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಒಯ್ಯಲೆಂದು ಹೂಡಿದ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಅದೂ ಬರದ ಹೆಸರಿನಲ್ಲೇ.

ಕೋಲಾರದ ಬರ ಬರಿಯ ಆಕಾಶದಿಂದ ಇಳಿದದ್ದಲ್ಲ. ಕೆರೆಗಳಲ್ಲಿ ಹೂಳು ತುಂಬಿತು. ರಾಗಿ ಬೆಳೆಯುತ್ತಿದ್ದ ನೆಲಕ್ಕೆ ಟೊಮೆಟೊ, ಹಿಪ್ಪುನೇರಳೆ ಬಂದವು. ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ರೈತನನ್ನು ದೂರಿ ಫಲವಿಲ್ಲ. ಸಾಲ ತೀರಿಸುವ ಬೆಲೆ ರಾಗಿಗೆ ಸಿಕ್ಕಿದ್ದರೆ ಅವನೇಕೆ ಪಾತಾಳ ಕೊರೆಯುತ್ತಿದ್ದ?

ಕುಡಿಯುವ ನೀರನ್ನು ಕೊಡೆವೆನ್ನುವ ಮನಸ್ಸು ಮಲೆನಾಡಿನವರದಲ್ಲ. ಆದರೆ ಕೆರೆ ತುಂಬಿ, ಅಂತರ್ಜಲ ಏರಿದ ಮೇಲೆ ಆ ನೀರನ್ನು ಕುಡಿಯುವುದು ಜನವೋ, ಪೇಟೆಗೆ ಹೋಗುವ ಬೆಳೆಯೋ? ‘ಬರ’ ಘೋಷಣೆಯ ರಾಜಕೀಯವನ್ನು ಬಯಲು ಮಾಡಿತು. ಬೆಳೆಯ ರಾಜಕೀಯವನ್ನು ಬಯಲು ಮಾಡುವ ಕತೆಯನ್ನು ಇನ್ನು ಯಾರಾದರೂ ಬರೆಯಬೇಕು.