ಕದ್ದು ಕೇಳಿದವನ ಕಥೆ

ಅಮೆರಿಕದಲ್ಲಿ ಅಧ್ಯಕ್ಷರು ಬಂದರು, ಹೋದರು. ಜಾನ್ ಎಡ್ಗರ್ ಹೂವರ್ ಮಾತ್ರ ಕುರ್ಚಿ ಬಿಟ್ಟು ಕದಲಲಿಲ್ಲ. 1924ರಲ್ಲಿ ತನಿಖಾ ಸಂಸ್ಥೆಯ ಮುಖ್ಯಸ್ಥನಾದ ಆತ, ಅದು ಎಫ್‌ಬಿಐ ಎಂಬ ಹೆಸರು ಪಡೆದ ನಂತರವೂ, 1972ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ. 48 ವರ್ಷ, ಎಂಟು ಅಧ್ಯಕ್ಷರು! ಯಾರ ಗುಟ್ಟು ಯಾವ ಕಡತದಲ್ಲಿದೆ ಎಂಬ ಅಂಜಿಕೆಯೇ ಆತನಿಗೆ ಕಾವಲಾಗಿತ್ತು.

ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶನದ ‘ಜೆ. ಎಡ್ಗರ್’ (2011) ಈ ಮನುಷ್ಯನ ಜೀವನಚಿತ್ರ. ಲಿಯೊನಾರ್ಡೊ ಡಿಕ್ಯಾಪ್ರಿಯೊ ಹೂವರನಾಗಿ ತನ್ಮಯತೆಯಿಂದ ನಟಿಸಿದ್ದಾರೆ. ಮುದಿ ಹೂವರ್ ತನ್ನ ಆತ್ಮಕಥೆಯನ್ನು ಕಿರಿಯ ಅಧಿಕಾರಿಗಳಿಂದ ಬರೆಸುತ್ತಾನೆ. ನಾವು ನೋಡುವುದು ಆತ ಹೇಳಿದ ಕಥೆಯನ್ನು. ಕೊನೆಗೆ ಆಪ್ತ ಗೆಳೆಯ ಟಾಲ್ಸನ್ನನೇ, ನೀನು ಕೊಚ್ಚಿಕೊಂಡ ಸಾಹಸಗಳಲ್ಲಿ ಹಲವು ಸುಳ್ಳು ಎನ್ನುತ್ತಾನೆ. ಅಧಿಕಾರ ತನ್ನ ಚರಿತ್ರೆಯನ್ನು ತಾನೇ ಹೇಗೆ ಬರೆದುಕೊಳ್ಳುತ್ತದೆ ಎಂಬುದನ್ನು ತೋರಿಸುವ ಈ ತಂತ್ರ ಚಿತ್ರದ ದೊಡ್ಡ ಗುಣ.

ಆದರೆ ಹೂವರನ ಕ್ರೌರ್ಯದ ಮೂಲವನ್ನು ಚಿತ್ರ ಹುಡುಕುವುದು ತಾಯಿಯ ಕಟ್ಟುನಿಟ್ಟಿನಲ್ಲಿ, ಬಾಯಿಬಿಟ್ಟು ಹೇಳಲಾಗದ ಪ್ರೀತಿಯಲ್ಲಿ. ನೋಡುಗನಿಗೆ ಕನಿಕರ ಮೂಡುತ್ತದೆ. ತಪ್ಪಲ್ಲ. ಆದರೆ ಆತ ಬೇಟೆಯಾಡಿದವರ ಮೇಲೆ ಕನಿಕರ ಮೂಡುವಷ್ಟು ಹೊತ್ತು ಅವರು ತೆರೆಯ ಮೇಲೆ ಇರುವುದೇ ಇಲ್ಲ. ಮಾರ್ಟಿನ್ ಲೂಥರ್ ಕಿಂಗ್ ಅವರ ಖಾಸಗಿ ಕ್ಷಣಗಳನ್ನು ಕದ್ದು ಮುದ್ರಿಸಿ, 1964ರಲ್ಲಿ ಅವರಿಗೆ ಹೆಸರಿಲ್ಲದ ಬೆದರಿಕೆ ಪತ್ರ ಕಳಿಸಿದ್ದು ಎಫ್‌ಬಿಐ. ಆತ್ಮಹತ್ಯೆಯ ಸೂಚನೆ ಅದರಲ್ಲಿತ್ತೆಂದೇ ಕಿಂಗ್ ಭಾವಿಸಿದ್ದರು. ಚಿತ್ರದಲ್ಲಿ ಈ ಪ್ರಸಂಗವಿದೆ. ಆದರೆ ಅದು ಹೂವರನ ಮನೋವಿಕಾರಕ್ಕೊಂದು ನಿದರ್ಶನ ಮಾತ್ರ. ಕಿಂಗ್ ಅವರ ಯಾತನೆಯಲ್ಲ.

ಹೂವರ್ ಸತ್ತ ಮೇಲೆ ಕಾರ್ಯದರ್ಶಿ ಹೆಲೆನ್ ಗ್ಯಾಂಡಿ ಗುಪ್ತ ಕಡತಗಳನ್ನು ನಾಶಮಾಡುತ್ತಾಳೆ. ಗುಟ್ಟೆಲ್ಲ ಆತನೊಂದಿಗೇ ಮಣ್ಣಾಯಿತು ಎಂದುಕೊಂಡು ನಾವು ಏಳುತ್ತೇವೆ. ನಡೆದದ್ದು ಹಾಗಲ್ಲ. 1971ರಲ್ಲಿ ಪೆನ್ಸಿಲ್ವೇನಿಯಾದ ಮೀಡಿಯಾ ಎಂಬ ಊರಿನ ಎಫ್‌ಬಿಐ ಕಚೇರಿಗೆ ಕೆಲವು ಸಾಮಾನ್ಯ ನಾಗರಿಕರು ನುಗ್ಗಿ, ಕಡತಗಳನ್ನು ಹೊತ್ತೊಯ್ದು ಪತ್ರಿಕೆಗಳಿಗೆ ಕಳಿಸಿದರು. ಸೆನೆಟ್‌ನ ಚರ್ಚ್ ಸಮಿತಿ 1975-76ರಲ್ಲಿ ಉಳಿದದ್ದನ್ನು ಬಯಲಿಗೆಳೆಯಿತು. ಕಪ್ಪು ಜನರ ಸಂಘಟನೆಗಳನ್ನು, ನೇಷನ್ ಆಫ್ ಇಸ್ಲಾಮನ್ನೂ ಒಳಗಿನಿಂದಲೇ ಒಡೆಯಲು ನಡೆದ ಹುನ್ನಾರಗಳು ಹೊರಬಿದ್ದವು. ನಿರ್ದೇಶಕರ ಅವಧಿಗೆ 1976ರಲ್ಲಿ ಕಾನೂನು 10 ವರ್ಷಗಳ ಮಿತಿ ಹಾಕಿತು. ಹೂವರನ ಕಥೆಯ ಈ ದ್ವಿತೀಯಾರ್ಧ ಈಸ್ಟ್‌ವುಡ್ ಅವರಿಗೆ ಬೇಡವಾಗಿದೆ.

ಬೇಕಾಗಿತ್ತು. ಏಕೆಂದರೆ ಚಿತ್ರ ತೆರೆಕಂಡ ಅದೇ 2011ರಲ್ಲಿ ಮತ್ತೊಂದು ಸುದ್ದಿ ಹೊರಬಂತು. ನ್ಯೂಯಾರ್ಕ್ ಪೊಲೀಸರು ಮಸೀದಿ, ಹೋಟೆಲು, ವಿದ್ಯಾರ್ಥಿ ಸಂಘಗಳಲ್ಲಿ ಮುಸ್ಲಿಮರ ಮಾತನ್ನು ಗುಟ್ಟಾಗಿ ಆಲಿಸಿ ಬರೆದಿಟ್ಟುಕೊಳ್ಳುತ್ತಿದ್ದರು. ಅದಕ್ಕೆಂದೇ ಇದ್ದ ಘಟಕದ ಕೆಲಸದಿಂದ ಒಂದು ತನಿಖೆಗೂ ಸುಳಿವು ಸಿಗಲಿಲ್ಲವೆಂದು 2012ರಲ್ಲಿ ಹಿರಿಯ ಪೊಲೀಸ್ ಅಧಿಕಾರಿಯೇ ಪ್ರಮಾಣ ಮಾಡಿ ಹೇಳಿದರು. 2014ರಲ್ಲಿ ಆ ಘಟಕ ಮುಚ್ಚಿತು. ಅಲ್ಲಿ ಕಟುವಾದ ತಾಯಿಯೂ ಇರಲಿಲ್ಲ, ಹೇಳಲಾಗದ ಪ್ರೀತಿಯೂ ಇರಲಿಲ್ಲ. ಇದ್ದದ್ದು ಜನರ ಭಯ ಮತ್ತು ಯಾರೂ ಲೆಕ್ಕ ಕೇಳದ ಅಧಿಕಾರ. ಹೂವರನನ್ನು ಬೆಳೆಸಿದ್ದೂ ಅವೇ.