ಪಂಚಕರ್ಮ ಮತ್ತು ಒತ್ತಡ: ಹೊರಹೋಗುವ ವಿಷ ಯಾವುದು?

ಪಂಚಕರ್ಮದಿಂದ ದೇಹದ ವಿಷವೆಲ್ಲ ಹೊರಹೋಗಿ, ಬಹುಕಾಲದ ಒತ್ತಡ, ಆತಂಕಗಳು ನೀಗುತ್ತವೆ ಎಂಬ ಜಾಹೀರಾತುಗಳನ್ನು ನೀವು ನೋಡಿರಬಹುದು. ನಂಬುವ ಮೊದಲು ಕೇಳಿ: ಆ ವಿಷದ ಹೆಸರೇನು?

ವಮನ, ವಿರೇಚನ, ಎರಡು ಬಗೆಯ ಬಸ್ತಿ, ನಸ್ಯ - ಇವು ಚರಕ ಸಂಹಿತೆ ಹೇಳುವ ಐದು ಕರ್ಮಗಳು. ಇವು ಹೊರಹಾಕುವುದು ‘ದೋಷ’ಗಳನ್ನು. ದೋಷವೆಂಬುದು ಆ ಶಾಸ್ತ್ರದ ಪರಿಕಲ್ಪನೆ. ಅದನ್ನು ‘ಟಾಕ್ಸಿನ್’ ಎಂದು ಕರೆದ ಮಾತ್ರಕ್ಕೆ ರಕ್ತದಲ್ಲಿ ಅಳೆಯಬಲ್ಲ ರಾಸಾಯನಿಕವಾಗದು. ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಕೂಡ ವಿಷವಲ್ಲ, ದೇಹಕ್ಕೆ ಅಗತ್ಯವಾದ ಹಾರ್ಮೋನು. ಭೇದಿಯಲ್ಲಿ ನಾವು ಕಳೆದುಕೊಳ್ಳುವುದು ನೀರು, ಸೋಡಿಯಂ, ಪೊಟ್ಯಾಸಿಯಂ. ನಿಜವಾದ ಶುದ್ಧೀಕರಣ ಯಕೃತ್ತು, ಮೂತ್ರಪಿಂಡಗಳದ್ದು. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ.

ಆದರೂ ಹಲವರಿಗೆ ನೆಮ್ಮದಿ ಸಿಗುತ್ತದಲ್ಲ? ಸಿಗುತ್ತದೆ. ಆದರೆ ಆ ವಾರ ಅವರಿಗೆ ರಜೆ, ನಿದ್ದೆ, ಮಿತಾಹಾರ, ಎಣ್ಣೆಯ ಮಾಲೀಷು, ಆಲಿಸುವ ವೈದ್ಯರು ಎಲ್ಲವೂ ಒಟ್ಟಿಗೆ ಸಿಕ್ಕಿವೆ. ಇವಿಷ್ಟನ್ನೇ ಪಡೆದ ಇನ್ನೊಂದು ಗುಂಪಿನೊಡನೆ ಹೋಲಿಸದೆ, ಗುಣ ವಿರೇಚನದ್ದೆಂದು ಹೇಳಲಾಗದು. ಈ ಹೋಲಿಕೆಯೇ ವಿಜ್ಞಾನದ ವಿಧಾನ. ತರಗತಿಯಲ್ಲಿ ಚರ್ಚಿಸಲು ಒಳ್ಳೆಯ ಉದಾಹರಣೆ.

ಒಂದು ವಿಪರ್ಯಾಸ ನೋಡಿ. ಅಂತರಜಾಲದಲ್ಲಿ ಕೊಂಡ 193 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2008ರಲ್ಲಿ ಅಮೆರಿಕದ ‘ಜಾಮಾ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸುಮಾರು ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಇವು ಹೆಸರುಳ್ಳ ವಿಷಗಳು!

ಎಣ್ಣೆಸ್ನಾನದ ಸುಖವನ್ನು ಬೇಡವೆನ್ನಬೇಕಿಲ್ಲ. ಆದರೆ ಮನೋವೈದ್ಯರು ಕೊಟ್ಟ ಮಾತ್ರೆಯನ್ನು ‘ಶುದ್ಧಿ’ಗಾಗಿ ತಟ್ಟನೆ ನಿಲ್ಲಿಸಬೇಡಿ; ಆತಂಕ ಮರುಕಳಿಸಬಹುದು. ಮೊದಲು ಅವರನ್ನೇ ಕೇಳಿ.